ಬೆಳ್ಳಿಕೋಟೆಗೆ ಬೆಂಕಿ ಬಿದ್ದ ವಾರ

ನಮ್ಮ ಮನೆಯಲ್ಲಿ ಆಗ ನನಗಿದ್ದುದು ಒಂದೇ ಕೆಲಸ: ಸುಮ್ಮನಿರುವುದು. "ನೀನು ಸುಮ್ನಿದ್ರೆ ಅದೇ ದೊಡ್ಡ ಉಪಕಾರ" ಎಂದು ಅಮ್ಮ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಓದು ಬಿಟ್ಟು ಮನೆಯಲ್ಲಿ ಕೂತ ಮೇಲೆ ನಾನು ಮಾಡುತ್ತಿದ್ದುದೂ ಅದನ್ನೇ. ಒಂದು ಸಲ ಮಾತ್ರ ತಪ್ಪಿದೆ.

ಅಪ್ಪ ಲಿಫ್ಟ್ ಕೂರಿಸುವವರು. ಎತ್ತರದ ಕಟ್ಟಡಗಳು ಎಲ್ಲಿವೆಯೋ ಅಲ್ಲಿ ಅವರ ಅನ್ನ. ಹಾಗಾಗಿ ದೇಶದ ಮಹಾನಗರಗಳನ್ನೆಲ್ಲ ಅವರು ಬಲ್ಲರು (ಲಿಫ್ಟಿಗೆಂದು ತೋಡಿದ ಗುಂಡಿಯ ತಳದಿಂದ). ಅಪ್ಪ ಎಲ್ಲಿದ್ದಾರೆಂದು ಆರು ವರ್ಷದ ತಂಗಿ ಪುಟ್ಟಿ ದಿನವೂ ಅಳುತ್ತಿದ್ದಳು. ಅವಳ ಪ್ರಾಣವೆಲ್ಲ ಟೀವಿಯ 'ಏಳು ಕೋಟೆ' ಕಾರ್ಟೂನಿನಲ್ಲಿ. ಚೀಲ, ನೀರಿನ ಬಾಟಲಿ, ಚಪ್ಪಲಿ ಎಲ್ಲವೂ ಅದರದೇ. ಆಗ ನನಗೊಂದು ದಿವ್ಯಾಲೋಚನೆ ಹೊಳೆಯಿತು. ಜನಸಂಖ್ಯೆಯ ಪ್ರಕಾರ ದೇಶದ ಏಳು ದೊಡ್ಡ ನಗರಗಳನ್ನು ಪಟ್ಟಿ ಮಾಡಿ, ಸ್ಕೇಲಿನಿಂದ ಗೆರೆ ಎಳೆದು, ಒಂದೊಂದಕ್ಕೆ ಒಂದೊಂದು ಕೋಟೆ ಜೋಡಿಸಿದೆ. ಅಪ್ಪ ಮೂರನೇ ನಗರದಲ್ಲಿದ್ದರು, ಅಂದರೆ ಬೆಳ್ಳಿಕೋಟೆಯಲ್ಲಿ. ಅಳು ನಿಂತಿತು. ಎರಡು ತಿಂಗಳು ನಾನೇ ಮನೆಯ ಮಹಾಮಂತ್ರಿ.

ಆಮೇಲೊಂದು ಸಂಜೆ ಹೊಗೆರಾಯನೆಂಬ ರಾಕ್ಷಸ ಬೆಳ್ಳಿಕೋಟೆಯನ್ನು ಸುಟ್ಟುಬಿಟ್ಟ.

ಪುಟ್ಟಿ ಊಟ ಬಿಟ್ಟಳು. "ಅಪ್ಪ ಅಲ್ಲಿಂದ ಹೊರಟೆ ಅಂತ ಹೇಳ್ಲಿ, ಆಮೇಲೆ ತಿಂತೀನಿ."

"ಅಪ್ಪ ನಿನ್ನೇನೇ ನಾಲ್ಕನೇ ಕೋಟೆಗೆ ಹೋದ್ರು ಕಣೇ."

"ಸುಳ್ಳು. ನಿನ್ನ ಕಿವಿ ಕೆಂಪಾಗಿದೆ."

ಎರಡನೆಯ ದಿನ ಅವಳಿಗೆ ಜ್ವರ ಬಂತು. "ನಿನ್ನ ಪಟ್ಟಿಗೆ ಬೆಂಕಿ ಬೀಳ! ಮಗು ಸಾಯ್ತಿದೆ, ನೀನೇ ಏನಾದ್ರೂ ಮಾಡು" ಎಂದಳು ಅಮ್ಮ.

ಗುಂಡಿಗೆ ಫೋನ್ ಒಯ್ಯುವಂತಿಲ್ಲ. ಆ ವಾರ ರಾತ್ರಿಯೂ ಕೆಲಸ, ಹಾಗಾಗಿ ಅಪ್ಪನ ಫೋನ್ ಮೇಸ್ತ್ರಿಯ ಹತ್ತಿರ. ಅಪರಿಚಿತರೊಡನೆ ಮಾತನಾಡುವುದೆಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಅದಕ್ಕೇ ಮೂರು ವಾಕ್ಯ ಬರೆದುಕೊಂಡು, ಕಾಗುಣಿತ ತಿದ್ದಿ, ಹನ್ನೊಂದು ಸಲ ಓದಿ ಫೋನ್ ಮಾಡಿದೆ.

"ಮನೆಯಲ್ಲಿ ಎರಡು ದಿನದಿಂದ ಊಟ ನಿಂತಿದೆ. ಅಪ್ಪ ಕೂಡಲೇ ಆ ನಗರ ಬಿಡಬೇಕು."

"ಏಯ್, ಯಾರದು?" ಎಂದು ಮೇಸ್ತ್ರಿ ಗುಡುಗಿದರು. ನಾನು ಫೋನ್ ಇಟ್ಟುಬಿಟ್ಟೆ. ಮೂರನೆಯ ವಾಕ್ಯ ಹೀಗಿತ್ತು: 'ಬಿಟ್ಟೆ ಎಂದು ಪುಟ್ಟಿಗೆ ಸುಮ್ಮನೆ ಹೇಳಿದರೆ ಸಾಕು.'

ಮರುದಿನ ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಊದಿಕೊಂಡಿತ್ತು.

"ಯಾವಾಗ ಹೋದ್ಲು?"

"ಯಾರು?" ಎಂದಳು ಅಮ್ಮ.

ಅಷ್ಟರಲ್ಲಿ ಅಪ್ಪನ ಅಮ್ಮ, ನಮ್ಮಜ್ಜಿ, ಕಾಫಿ ಲೋಟ ಹಿಡಿದು ಹೊರಗೆ ಬಂದರು. ಅಪ್ಪ ಗೋಡೆ ಹಿಡಿದು ಕೂತರು. ಮೇಸ್ತ್ರಿ ಹೇಳಿದ ಎರಡು ವಾಕ್ಯ ಕೇಳಿ ಮನೆಯಲ್ಲಿ ಸಾವಾಗಿದೆ ಎಂದುಕೊಂಡು, ದಾರಿಯುದ್ದಕ್ಕೂ ಅಜ್ಜಿಗಾಗಿ ಅತ್ತಿದ್ದರಂತೆ. ಏನು ಕೇಳಬೇಕಾಗುತ್ತದೋ ಎಂಬ ಭಯಕ್ಕೆ ತಿರುಗಿ ಫೋನ್ ಕೂಡ ಮಾಡಿರಲಿಲ್ಲ.

"ಮನೇಲಿ ಇಷ್ಟು ಜನ ಇದ್ದಾರೆ, ನಿಂಗೆ ನಾನೇ ಹೊಳೆದ್ನಾ?" ಎಂದು ಅಜ್ಜಿ ಮುನಿಸಿಕೊಂಡರು.

ನಾನು ಮೂರನೆಯ ವಾಕ್ಯವನ್ನು ಅಪ್ಪನಿಗೆ ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ಓದಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೇಸ್ತ್ರಿ ಆಗ್ಲೇ ನನ್ನ ಜಾಗಕ್ಕೆ ಬೇರೆಯವ್ರನ್ನ ಇಳಿಸಿದ್ದಾನೆ" ಎಂದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ಸಂಜೆ ಎಲ್ಲರೂ ಟೀವಿ ಮುಂದೆ ಕೂತೆವು. ಅಪ್ಪನಿಗೂ ಈಗ ಪುರುಸೊತ್ತಿತ್ತು. ಬೆಳ್ಳಿಕೋಟೆಗೆ ಏನೂ ಆಗಿರಲಿಲ್ಲ. ಬೆಂಕಿ ಬಿದ್ದದ್ದು ರಾಜಕುಮಾರಿಯ ಕನಸಿನಲ್ಲಂತೆ!

ಪುಟ್ಟಿ ತಟ್ಟೆ ಎಳೆದುಕೊಂಡು, "ಅಪ್ಪಾ, ಈಗ ನೀವು ಹೋಗ್ಬೋದು" ಎಂದಳು.

"ನಾನಲ್ಲ ಪುಟ್ಟಿ." ಅಪ್ಪ ನನ್ನ ಕಡೆ ನೋಡಿದರು. "ಮೇಸ್ತ್ರಿ ಫೋನ್ ಮಾಡಿದ್ದ, ಕೆಲಸಕ್ಕೆ ಇವನನ್ನ ಕೇಳ್ತಿದ್ದಾನೆ. ಐದನೇ ಊರಲ್ಲಿ ಗುಂಡಿ ಇಕ್ಕಟ್ಟಂತೆ. ಸಣಕಲ ಹುಡುಗನೇ ಬೇಕು, ಮಾತು ಕಮ್ಮಿ ಇರ್ಬೇಕು. ನಾಳೆಯೇ ಹೊರಡ್ಬೇಕು."

ಟೀವಿಯಲ್ಲಿ ಮುಂದಿನ ಕಂತಿನ ತುಣುಕು ತೋರಿಸುತ್ತಿದ್ದರು: ಹೊಗೆರಾಯ ಪಂಜು ಹಿಡಿದು ಐದನೇ ಕೋಟೆಯ ಗೋಡೆ ಹತ್ತುತ್ತಿದ್ದ. ಹೋಗಬೇಡ ಎಂದಾಳೆಂಬ ಆಸೆಯಿಂದ ನಾನು ಪುಟ್ಟಿಯ ಮುಖ ನೋಡಿದೆ.

ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು, ತಟ್ಟೆಯನ್ನು ನೋಡಿದಳು.

"ಅಣ್ಣ ಹೋಗ್ಲಿ ಬಿಡಿ" ಎಂದಳು. "ಅಮ್ಮಾ, ಇನ್ನೊಂಚೂರು ಅನ್ನ."