ಪ್ರಮಾಣದ ನಡುವೆ ಒಂದು ಕೆಮ್ಮು

ರಾತ್ರಿ ಬೀದಿನಾಯಿಗಳೂ ಮಲಗಿದ ಮೇಲೆ, ದಿಂಬಿನ ಪಕ್ಕದಲ್ಲಿ ಫೋನು 'ಟಿಣ್' ಎಂದಿತು. ಮೈಕಣ್ಣ ಒಂದು ಕಣ್ಣು ತೆರೆದು ಸಂದೇಶ ಓದಿದ. ಇನ್ನೊಂದು ಕಣ್ಣು ತಾನಾಗಿಯೇ ತೆರೆದುಕೊಂಡಿತು.

'ನಾಯಕರ ಪ್ರಮಾಣವಚನದ ಧ್ವನಿಮುದ್ರಣವನ್ನು ವಿಚಾರಣಾ ಸಮಿತಿ ನಾಳೆ ಬೆಳಿಗ್ಗೆ ಕೇಳಲಿದೆ. ಬೇಗ ಬನ್ನಿ. ನಿಮ್ಮ ಕೆಲಸ ಖಾಯಂ ಮಾಡುವ ಆದೇಶಕ್ಕೂ ನಾಳೆಯೇ ಸಹಿ ಮಾಡುತ್ತೇನೆ,' ಎಂದು ಆಫೀಸಿನ ಮೇಡಂ ಬರೆದಿದ್ದರು.

ಮದುವೆಯಾದಾಗಿನಿಂದ 'ಖಾಯಂ' ಎಂಬ ಮಾತಿಗೆ ಕಾದಿದ್ದ ಮನುಷ್ಯ ಎದ್ದು ಕುಣಿಯಬೇಕಿತ್ತು. ಅವನು ಎದ್ದು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತ.

ಕಾರಣ ಇಷ್ಟೇ. ಹಿಂದಿನ ಸರ್ಕಾರ ರಾತ್ರೋರಾತ್ರಿ ಬಿದ್ದು, ಹೊಸ ನಾಯಕರು ಬೆಳಕು ಹರಿಯುವ ಮೊದಲೇ ಸಭಾಭವನದ ಸಣ್ಣ ಕೋಣೆಯಲ್ಲಿ ಅವಸರವಾಗಿ ಪ್ರಮಾಣ ಸ್ವೀಕರಿಸಿದ್ದರು. ಪತ್ರಿಕೆಯವರಿರಲಿಲ್ಲ, ಟಿ.ವಿ.ಯವರಿರಲಿಲ್ಲ. ಇದ್ದದ್ದು ಭವನದ ಮೈಕು ನೋಡಿಕೊಳ್ಳುವ ಇವನ ಧ್ವನಿಮುದ್ರಣ ಯಂತ್ರವೊಂದೇ. ರೂಢಿಯಂತೆ ಮೈಕಣ್ಣ ಸ್ವಲ್ಪ ಮುಂಚೆ ನಾಯಕರ ಜಾಗದಲ್ಲಿ ನಿಂತು, ಅವರ ಹೆಸರನ್ನೂ ಸೇರಿಸಿ, ಇಡೀ ಪ್ರಮಾಣವನ್ನು ಓದಿ ದನಿ ಪರೀಕ್ಷಿಸಿದ. ನಡುವೆ ಒಂದು ಕೆಮ್ಮು ಬಂತು. ಕೆಮ್ಮಿ ಮುಂದುವರಿದ. ಆಮೇಲೆ ನಾಯಕರು ಬಂದರು, ಅವರ ಹಿಂದೆ ಹಿಂಬಾಲಕರು ನುಗ್ಗಿದರು, ಯಾರದೋ ಬೂಟು ತಂತಿಯನ್ನು ಕಿತ್ತುಹಾಕಿತು. ಸಂಜೆ ಹಾಕಿ ಕೇಳಿದರೆ ನಾಯಕರ ಪ್ರಮಾಣ ಇರಬೇಕಾದ ಕಡೆ ಸದ್ದೇ ಇಲ್ಲ. ಪರೀಕ್ಷೆಯದು ಮಾತ್ರ ಅಕ್ಷರ ಅಕ್ಷರವೂ ಸ್ಪಷ್ಟ. ಕೆಲಸ ಹೋದೀತೆಂಬ ಭಯಕ್ಕೆ ಅದನ್ನೇ ಅಸಲಿಯೆಂದು ಕಪಾಟಿನಲ್ಲಿಟ್ಟು ಬೀಗ ಜಡಿದ. ಪ್ರಮಾಣವಚನವನ್ನು ಎರಡನೆಯ ಸಲ ಕೇಳುವವರು ಯಾರಿದ್ದಾರೆ?

ಈಗ ದೇಶವೆಲ್ಲ ಕೇಳಲು ಕಾದಿತ್ತು. ನಾಯಕರು ತಮ್ಮ ಅಳಿಯನನ್ನು ಬಂದರು ಮಂಡಳಿಗೆ ಅಧ್ಯಕ್ಷನನ್ನಾಗಿ ಮಾಡಿದ್ದರು. ಅಳಿಯ ಅದುವರೆಗೆ ಸಮುದ್ರ ನೋಡಿರಲಿಲ್ಲ. 'ಭಯವಿಲ್ಲದೆ, ಪಕ್ಷಪಾತವಿಲ್ಲದೆ' ಎಂದು ಮಾಡಿದ ಪ್ರಮಾಣವನ್ನು ಅವರು ಮುರಿದರೋ ಇಲ್ಲವೋ ಎಂದು ಕ್ಷೌರದ ಅಂಗಡಿಗಳಲ್ಲಿ ಅರ್ಧ ಬೋಳಿಸಿದ ಗಡ್ಡಗಳು ಜಗಳವಾಡುತ್ತಿದ್ದವು.

ಬೆಳಿಗ್ಗೆ ಹೆಂಡತಿಯ ಹತ್ತಿರ ಹೇಳಿಕೊಳ್ಳೋಣವೆಂದು ಅಡುಗೆಮನೆಗೆ ಹೋದ. ಮಿಕ್ಸಿ ಗರಗರ ಅನ್ನುತ್ತಿತ್ತು.

"ಅದರಲ್ಲಿರೋದು ನನ್ನ ದನಿ ಕಣೇ."

"ಏನ್ರೀ? ಜೋರಾಗಿ ಹೇಳ್ಬಾರ್ದಾ? ನಿಮ್ಮ ಮಾತು ನಿಮಗಾದ್ರೂ ಕೇಳ್ಸುತ್ತಾ?"

"ಏನಿಲ್ಲ. ಹೊರಟೆ."

"ಹಂಗೇ ಹೋಗ್ಬೇಡಿ. ನನ್ನ ತಮ್ಮ ಬಾಗಿಲಲ್ಲಿ ನಿಂತಿದಾನೆ. ಅವನಿಗೂ ವಿಚಾರಣೆ ನೋಡ್ಬೇಕಂತೆ."

"ಹೊರಗಿನೋರನ್ನ ಬಿಡಲ್ಲ ಅಲ್ಲಿ."

"ಅವನೇನು ಹೊರಗಿನೋನಾ?" ಎಂದು ಅವಳು ಮಿಕ್ಸಿ ನಿಲ್ಲಿಸಿದಳು. ಮಿಕ್ಸಿ ನಿಂತ ಮೇಲೆ ಅವಳ ಜತೆ ವಾದಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಭಾಮೈದ ಹೆಗಲಿಗೆ ತಂತಿಯ ಸುರುಳಿ ಹಾಕಿಕೊಂಡು ಸಹಾಯಕನಾದ.

ಮೆಟ್ಟಿಲ ಮೇಲೆ ಮಹಡಿಯ ವಕೀಲರು ಅಡ್ಡ ನಿಂತರು. "ಏನು ಮೈಕಣ್ಣ, ಇವತ್ತು ಸತ್ಯ ಹೊರಗೆ ಬರುತ್ತಂತೆ?"

"ಬರದೆ ಇದ್ರೆ ಒಳ್ಳೇದು ಸಾರ್."

"ಏನಂದ್ರಿ?"

"ನಮಸ್ಕಾರ ಅಂದೆ ಸಾರ್."

ಸಭಾಂಗಣದಲ್ಲಿ ಸಮಿತಿಯ ಅಧ್ಯಕ್ಷೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವರ ಎಡಗಡೆ ಆಳುವ ಪಕ್ಷದ ಸದಸ್ಯರು, ಬಲಗಡೆ ವಿರೋಧ ಪಕ್ಷದವರು. ಎದುರಿಗೆ ಮೆತ್ತನೆಯ ಕುರ್ಚಿಯಲ್ಲಿ ಸಾಕ್ಷಾತ್ ನಾಯಕರು. ಅವರನ್ನು ಕಂಡದ್ದೇ ಮೈಕಣ್ಣ ಯಂತ್ರದ ಹಿಂದೆ ಬಗ್ಗಿ ಕೂತ. ಬೇರೆ ಯಾರಿಗೆ ಗೊತ್ತಾಗದಿದ್ದರೂ ತನ್ನ ದನಿ ಯಾವುದೆಂದು ಆ ಮನುಷ್ಯನಿಗೆ ಗೊತ್ತಾಗದೆ ಇರುತ್ತದೆಯೇ?

"ಹಾಕಿ," ಎಂದರು ಅಧ್ಯಕ್ಷೆ.

ಗುಂಡಿ ಒತ್ತಿದ. ಮನೆಯಲ್ಲಿ ಸೊಳ್ಳೆಗೂ ಕೇಳಿಸದ ದನಿ ನಾಲ್ಕೂ ಗೋಡೆಗಳಿಂದ ಗಂಭೀರವಾಗಿ ಹೊರಟಿತು. ಭಯವಿಲ್ಲದೆ ಎಂಬಲ್ಲಿ ಸ್ವಲ್ಪ ನಡುಗಿತು. ಪಕ್ಷಪಾತವಿಲ್ಲದೆ ಎಂಬಲ್ಲಿ ಕೆಮ್ಮಿತು. ನನಗೆ ತಿಳಿದುಬಂದ ಗುಟ್ಟನ್ನು ಯಾರಿಗೂ ತಿಳಿಸೆನು ಎಂದು ಮುಗಿಯಿತು.

ಭಾಮೈದ ಕಿವಿಯ ಹತ್ತಿರ ಬಂದ. "ಭಾವ, ಈ ದನಿ ಎಲ್ಲೋ ಕೇಳಿದೀನಲ್ಲ?"

"ಟಿ.ವಿ.ಲಿ ಕೇಳಿರ್ತೀಯ. ಸುಮ್ನಿರು."

"ನೋಡಿ, ನಡುಗ್ತಾ ಇದೆ ದನಿ!" ವಿರೋಧ ಪಕ್ಷದವರು ಮೇಜು ಕುಟ್ಟಿದರು. "ಮುರಿಯೋ ಮನಸ್ಸಿಟ್ಕೊಂಡೇ ಪ್ರಮಾಣ ಮಾಡಿದಾರೆ."

"ರೀ, ಅದು ಭಾವುಕತೆ!" ಆಳುವ ಪಕ್ಷದವರು ಎದ್ದು ನಿಂತರು. "ಕಲ್ಲಿನಂಥೋರಿಗೆ ಎಲ್ಲಿ ಅರ್ಥ ಆಗುತ್ತೆ?"

ಎಲ್ಲರೂ ನಾಯಕರ ಕಡೆ ತಿರುಗಿದರು. ಮೈಕಣ್ಣ ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಂಡ. ನಾಯಕರು ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡರು.

"ಆ ಗಳಿಗೆ ಇವತ್ತಿಗೂ ನೆನಪಿದೆ," ಎಂದರು. "ಗಂಟಲು ಕಟ್ಟಿ ಬಂದಿತ್ತು ನನಗೆ."

ಅಧ್ಯಕ್ಷೆಯೂ ಮೂಗು ಒರೆಸಿಕೊಂಡರು. ಇಷ್ಟು ಮನಸ್ಸಿಟ್ಟು ಪ್ರಮಾಣ ಮಾಡಿದವರು ಅದನ್ನು ಮುರಿದಿರಲಾರರು, ಅಳಿಯನ ವಿಚಾರ ಬೇರೆಯೇ ವಿಚಾರ ಎಂದು ಹೇಳಿ ಕನ್ನಡಕವನ್ನು ಪೆಟ್ಟಿಗೆಗೆ ಹಾಕಿದರು. ಮೈಕಣ್ಣನಿಗೆ ಹೋದ ಜೀವ ಬಂದಂತಾಯಿತು. ಮೂಲೆಯ ಮೇಜಿನಲ್ಲಿ ಕೂತಿದ್ದ ಮೇಡಂ ಆದೇಶಕ್ಕೆ ಸಹಿ ಹಾಕಲು ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದರು.

"ಒಂದು ನಿಮಿಷ," ಎಂದರು ನಾಯಕರು. "ನಡುವೆ ಒಂದು ಕೆಮ್ಮಿತ್ತಲ್ಲ, ಅದು ನನ್ನದಲ್ಲ."

ಮೇಡಂ ಕೈಯ ಪೆನ್ನು ಕಾಗದ ಮುಟ್ಟುವ ಮೊದಲೇ ನಿಂತಿತು.

"ನಾನು ಕೆಮ್ಮೋ ಮನುಷ್ಯ ಅಲ್ಲ. ಆವತ್ತು ಮೈಕಿನ ಹತ್ರ ಯಾರಿದ್ರು?"

ಮೇಡಂ ಮೈಕಣ್ಣನ ಕಡೆ ನೋಡಿದರು. ಎಲ್ಲರೂ ನೋಡಿದರು.

"ಕೆಮ್ಮು... ನನ್ನದೇ ಸಾರ್," ಎಂದ ಮೈಕಣ್ಣ. ಆ ಬೆಳಿಗ್ಗೆ ಆ ಸಭಾಂಗಣದಲ್ಲಿ ಅವನು ಆಡಿದ ನಿಜವಾದ ಮಾತು ಅದೊಂದೇ.

"ದೇಶದ ಪ್ರಮಾಣದ ಮಧ್ಯೆ ಕೆಮ್ಮಿದ್ರಾ? ನಿಮಗೆ ಮಾನ ಮರ್ಯಾದೆ ಇದೆಯೇನ್ರೀ?" ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಅಂದ ಹಾಗೆ, ತಂತಿ ಹಿಡ್ಕೊಂಡು ನಿಂತಿರೋರು ಯಾರು?"

"ನಾನು ಇವರ ಭಾಮೈದ," ಎಂದು ಆ ಪುಣ್ಯಾತ್ಮ ಹೆಮ್ಮೆಯಿಂದ ಕೈಮುಗಿದ.

ನಾಯಕರು ದುಃಖದಿಂದ ತಲೆಯಾಡಿಸಿದರು. "ಸರ್ಕಾರಿ ಜಾಗಕ್ಕೆ ನೆಂಟರನ್ನ ತುಂಬಿಸೋದು! ಇಂಥೋರಿಂದಲೇ ದೇಶ ಹಾಳಾಗೋದು."

ಆಳುವವರೂ ವಿರೋಧಿಗಳೂ ಆ ದಿನ ಒಮ್ಮತದಿಂದ ಒಪ್ಪಿದ ಮಾತು ಅದೊಂದೇ. ಖಾಯಂ ಆದೇಶ ಮೇಡಂ ಮೇಜಿನ ಕೆಳಗಿನ ಖಾನೆಗೆ ಇಳಿಯಿತು.

ಸಂಜೆ ಮನೆಗೆ ಬಂದರೆ ಟಿ.ವಿ.ಯಲ್ಲಿ ಪ್ರಮಾಣವಚನ ಮತ್ತೆ ಮತ್ತೆ ಬರುತ್ತಿತ್ತು. ಕೆಮ್ಮನ್ನು ಕತ್ತರಿಸಿ ತೆಗೆದಿದ್ದರು. ಮಹಡಿಯ ವಕೀಲರೂ ಬಂದು ಕೂತಿದ್ದರು. ಭಾಮೈದ ಭಾವನ ಕೆಮ್ಮಿನ ಕತೆಯನ್ನು ಆಗಲೇ ಹೇಳಿ ಮುಗಿಸಿದ್ದ. ಹೆಂಡತಿ ಗಲ್ಲಕ್ಕೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು.

"ಎಂಥ ದನಿ ನೋಡ್ರೀ! ಎದೆಗೇ ಹೋಗಿ ನಾಟುತ್ತೆ. ಗಂಡಸು ಅಂದ್ರೆ ಹಿಂಗೆ ಮಾತಾಡ್ಬೇಕು. ನೀವೂ ಇದೀರ, ಅವರ ಹತ್ರ ಹೋಗಿ ಕೆಮ್ಮಿ ಬಂದ್ರಿ."

ಮೈಕಣ್ಣ ಬಾಯಿ ತೆರೆದ. ಅಷ್ಟರಲ್ಲಿ ಟಿ.ವಿ.ಯಿಂದ ಅವನದೇ ದನಿ, ನನಗೆ ತಿಳಿದುಬಂದ ಗುಟ್ಟನ್ನು ಯಾರಿಗೂ ತಿಳಿಸೆನು ಎಂದಿತು.

ಅವನು ಬಾಯಿ ಮುಚ್ಚಿದ. ಭಯಪಟ್ಟದ್ದಾಗಿತ್ತು, ಪಕ್ಷಪಾತ ಮಾಡಿದ್ದೂ ಆಗಿತ್ತು. ಮುರಿಯದೆ ಉಳಿದದ್ದು ಆ ಕೊನೆಯ ಸಾಲೊಂದೇ. ಅದನ್ನಾದರೂ ಉಳಿಸಿಕೊಳ್ಳೋಣ, ಸಾಯುವ ತನಕ ಯಾರಿಗೂ ಹೇಳುವುದು ಬೇಡ ಎಂದು ನಿರ್ಧರಿಸಿದ.

ಗಂಟಲಲ್ಲಿ ಕೆಮ್ಮು ಬಂತು. ಅದನ್ನೂ ನುಂಗಿಕೊಂಡ.