ಸುಟ್ಟ ಗುಡ್ಡಗಳಿಗೆ ಮಾತ್ರ

ಈ ಬೇಸಿಗೆಯಲ್ಲಿ ಹತ್ತೊಂಬತ್ತು ಗುಡ್ಡಗಳು ಸುಟ್ಟುಹೋಗಿದ್ದು, ಇದು ವಾಡಿಕೆಗಿಂತ ಹತ್ತೊಂಬತ್ತು ಹೆಚ್ಚೆಂದು ಅರಣ್ಯ ಇಲಾಖೆ ಒಪ್ಪಿಕೊಂಡಿತು. ಕಾರಣ ಪತ್ತೆಹಚ್ಚಲು ಸಮಿತಿ ನೇಮಕವಾಯಿತು. ಹೊಗೆಯಿಂದ ಕಡತಗಳು ಕಪ್ಪಾಗದಂತೆ ಸಮಿತಿಯ ಕೋಣೆಯ ಕಿಟಕಿಗಳನ್ನು ಮುಚ್ಚಲಾಯಿತು.

ಮೊದಲ ಸಾಕ್ಷಿ ಗೆರೆಯಕ್ಕ. ಇಪ್ಪತ್ತು ವರ್ಷ ಬೆಂಕಿ ರೇಖೆ ಕಡಿದವಳು. ಅಂದರೆ ಬೆಂಕಿ ದಾಟದಂತೆ ಗುಡ್ಡದ ಸುತ್ತ ಹುಲ್ಲು ಸವರಿ, ತರಗೆಲೆ ಗುಡಿಸಿ, ಬರಿ ನೆಲದ ಪಟ್ಟಿ ಮಾಡಿದವಳು. ನಾಲ್ಕು ವರ್ಷದ ಹಿಂದೆ ಆ ಕೆಲಸ ನಿಂತಿತ್ತು. ಬೆಂಕಿಯೇ ಬೀಳದ ಕಾಡಿಗೆ ರೇಖೆ ಏಕೆ ಎಂದು ಇಲಾಖೆ ಆಗ ಹಣ ನಿಲ್ಲಿಸಿತ್ತು.

ಮಳೆ ಎರಡು ತಿಂಗಳು ಮೊದಲೇ ಬೆನ್ನು ತೋರಿಸಿತು, ಹುಲ್ಲು ಆಳೆತ್ತರ ಬೆಳೆದು ಒಣಗಿ ನಿಂತಿತ್ತು, ರೇಖೆಯಿರಲಿಲ್ಲ, ಒಂದು ಬೆಂಕಿಕಡ್ಡಿ ಬಿದ್ದರೂ ಸಾಕಿತ್ತು ಎಂದು ಆಕೆ ಹೇಳಿದಳು. ಅಧ್ಯಕ್ಷರು ಗಮನವಿಟ್ಟು ಕೇಳಿ, ನಮೂನೆಯಲ್ಲಿ ಒಂದೇ ಕಾರಣಕ್ಕೆ ಜಾಗವಿದೆಯೆಂದು ವಿಷಾದಿಸಿದರು. ಎರಡು ದಿನ ಚರ್ಚಿಸಿ ಆ ಜಾಗದಲ್ಲಿ ‘ಬೆಂಕಿ’ ಎಂದು ಬರೆಯಲಾಯಿತು.

ಹಾಗೆಂದು ಗೆರೆಯಕ್ಕನ ಮಾತು ನೀರ ಮೇಲಿನ ಬರಹವಾಗಲಿಲ್ಲ. ರೇಖೆ ಕೆಲಸ ಮತ್ತೆ ಮಂಜೂರಾಯಿತು, ಬೆಂಕಿ ಬಿದ್ದ ದಾಖಲೆಯಿರುವ ಗುಡ್ಡಗಳಿಗೆ ಮಾತ್ರ. ಆಕೆಯೂ ತಂಗಿಯೂ ಇನ್ನೂ ಆರು ಮಂದಿಯ ಜೊತೆ ಒಂದು ತಿಂಗಳು ಬೂದಿ ಗುಡಿಸಿದರು. ರೇಖೆ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ತಪಾಸಣೆಗೆ ಬಂದವರಿಗೆ ಗೊತ್ತಾಗದ್ದರಿಂದ ಸುಣ್ಣದ ಗುರುತು ಹಾಕಿದರು. ಆ ತಿಂಗಳು ಅಲ್ಲಿ ಒಂದು ಕಿಡಿಯೂ ಕಾಣಲಿಲ್ಲವೆಂದು ಇಲಾಖೆ ಪ್ರಕಟಣೆ ಹೊರಡಿಸಿತು.

ಸುಡದೆ ಉಳಿದದ್ದು ಇಪ್ಪತ್ತನೆಯ ಗುಡ್ಡ ಒಂದೇ. ಅದರ ಬುಡದಲ್ಲೇ ಅಕ್ಕತಂಗಿಯರ ಮನೆ. ಹಿತ್ತಲ ಬಾಗಿಲು ತೆರೆದರೆ ಒಣಹುಲ್ಲು ಹೊಸ್ತಿಲಿಗೆ ತಾಗುತ್ತಿತ್ತು. ತಾವೇ ಕಡಿಯೋಣವೆಂದರೆ, ಮಂಜೂರಾಗದ ಹುಲ್ಲನ್ನು ಮುಟ್ಟುವುದು ಅಪರಾಧ. ಹುಲ್ಲು ಸರಗುಟ್ಟಿದಾಗೆಲ್ಲ ಗೆರೆಯಕ್ಕ ಎದ್ದು ಹಿತ್ತಲಿಗೆ ಹೋಗಿ ನೋಡಿ ಬರುತ್ತಿದ್ದಳು. ಕೊನೆಗೆ ಈ ಗುಡ್ಡಕ್ಕೂ ರೇಖೆ ಬೇಕೆಂದು ಅರ್ಜಿ ಬರೆಸಿ ಕಚೇರಿಗೆ ಹೋದಳು. ಗುಮಾಸ್ತರು ಒಳ್ಳೆಯವರು. ಕುರ್ಚಿ ಕೊಟ್ಟು, ಅರ್ಜಿಯನ್ನು ಎರಡು ಸಲ ಓದಿದರು.

“ಎಲ್ಲಾ ಸರಿಯಾಗಿದೆ ಅಕ್ಕಾ. ಗುಡ್ಡ ಸುಟ್ಟಿದ್ದಕ್ಕೆ ಸರ್ಟಿಫಿಕೇಟ್ ಒಂದಿಲ್ಲ.”

“ಅದು ಇನ್ನೂ ಸುಟ್ಟಿಲ್ಲ, ಸಾರ್.”

“ಅದೇ ತೊಡಕು ನೋಡಿ. ಸುಟ್ಟ ಮೇಲೆ ತಗೊಂಡು ಬನ್ನಿ, ನಾನೇ ಮುಂದೆ ನಿಂತು ಮಾಡಿಸಿಕೊಡ್ತೀನಿ.”

“ಸುಟ್ಟ ಮೇಲೆ ಎಷ್ಟು ದಿನ ಹಿಡಿಯುತ್ತೆ?”

“ಹದಿನೈದೇ ದಿನ.”

ಮನೆಗೆ ಬಂದು ಹೇಳಿದಾಗ ತಂಗಿಗೂ ಸಮಾಧಾನವಾಯಿತು. ಕೂಲಿ ಚೀಟಿಯಲ್ಲಿ ವಿಳಾಸ ತಿದ್ದಿಸಲು ಇದೇ ಕಚೇರಿಗೆ ಎರಡು ವರ್ಷ ಅಲೆದಿದ್ದೆವು, ಹದಿನೈದು ದಿನವೆಂದರೆ ಏನೂ ಅಲ್ಲ ಅಂದಳು. ಇಬ್ಬರೂ ಸೇರಿ ಪಾತ್ರೆ ಪಡಗ, ಹಾಸಿಗೆ ಎಲ್ಲ ಗಂಟು ಕಟ್ಟಿ ಮುಂಬಾಗಿಲ ಬಳಿ ಇಟ್ಟು, ತಮ್ಮ ಸರದಿ ಕಾಯತೊಡಗಿದರು.