ಶಂಭಟ್ಟರ ಸ್ವರದಲ್ಲಿ ಒಂದು ರಿಕ್ವೈರ್‌ಮೆಂಟ್

ಜನರಿಗೆ ಏನು ಬೇಕೆಂದು ಅವರು ಬಾಯಿ ತೆರೆಯುವ ಮೊದಲೇ ಹೇಳಬಲ್ಲ ಅಪರೂಪದ ಶಕ್ತಿ ನನಗಿದೆ ಎಂದು ನಾನು ಬಹುಕಾಲ ನಂಬಿದ್ದೆ. ಶಾಲೆಯಲ್ಲಿ ಹೆಡ್‌ಮಾಸ್ಟರರ ಸ್ವರದಲ್ಲಿ ಮಾತಾಡಿ ಒಂದು ಮಧ್ಯಾಹ್ನ ಇಡೀ ಶಾಲೆಗೆ ರಜೆ ಕೊಟ್ಟವನು ನಾನು. ಅಂಥವನು ಬಿಸಿನೆಸ್ ಅನಲಿಸ್ಟ್ ಆಗದೆ ಇನ್ನೇನಾಗಬೇಕು?

ಪುತ್ತೂರಿನ ದರ್ಬೆಯಲ್ಲಿ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ. ಒಟ್ಟು ಐದು ಜನ, ಒಂದು ಫ್ಯಾನು. ಸಾಫ್ಟ್‌ವೇರ್ ಬೇಕೆಂದವರ ಹತ್ತಿರ ಹೋಗಿ, ಅವರ ಕೆಲಸವನ್ನು ಕೇಳಿ, ನೋಡಿ, ಬರೆದು ತಂದು ಪ್ರೋಗ್ರಾಂ ಮಾಡುವವರಿಗೆ ಅರ್ಥವಾಗುವ ಹಾಗೆ ಹೇಳುವುದು ನನ್ನ ಹುದ್ದೆಯ ಘನ ಕರ್ತವ್ಯ. ನನ್ನ ಅಮ್ಮ ನೆರೆಮನೆಯವರಿಗೆ ಇದನ್ನೇ ಚುಟುಕಾಗಿ ವಿವರಿಸಿದ್ದರು: "ಅವನಿಗೆ ಆಫೀಸಿನಲ್ಲಿ ಮಾತಾಡುದೇ ಕೆಲಸ. ಮನೆಯಲ್ಲಿ ಪುಕ್ಕಟೆ ಮಾಡ್ತಿದ್ದ."

ಆರು ತಿಂಗಳ ಪರೀಕ್ಷಾರ್ಥ ಅವಧಿ ಮುಗಿಯುವ ಹೊತ್ತಿಗೆ ಬಾಸ್ ನನ್ನನ್ನು ಕರೆದರು. "ಐವರ್ನಾಡಿನ ಶಂಭಟ್ರ ಪ್ರಾಜೆಕ್ಟ್ ನಿಂದು. ಸರಿಯಾದ್ರೆ ನೀನು ಪರ್ಮನೆಂಟ್. ಇಲ್ಲದಿದ್ರೆ..." ಎಂದು ಮೆಟ್ಟಿಲಿನ ಕಡೆ ನೋಡಿದರು.

ಶಂಭಟ್ಟರು ಮೂವತ್ತು ವರ್ಷಗಳಿಂದ ಸುಳ್ಯ, ಪುತ್ತೂರು, ಕಡಬದ ಮದುವೆ, ಪೂಜೆ ಮುಂತಾದ ಜಂಬರಗಳಿಗೆಲ್ಲ ಅಡುಗೆ ಮಾಡುವವರು. ಅವರ ಅಡುಗೆಯಲ್ಲಿ ಕೊನೆಯ ಪಂಕ್ತಿಯವನೂ ಅನ್ನ ಸಾಲದೆ ಎದ್ದದ್ದಿಲ್ಲ ಎಂಬುದೇ ಅವರ ಆಸ್ತಿ, ಅವರ ಬಿರುದು. ಈಗ ಮೊಣಕಾಲು ನೋವು. ಇಷ್ಟು ಜನ ಎಂದು ಒತ್ತಿದರೆ ಇಷ್ಟು ಅಕ್ಕಿ, ಇಷ್ಟು ಬೇಳೆ ಎಂದು ಸಹಾಯಕರ ಫೋನಿಗೆ ಪಟ್ಟಿ ಹೋಗುವ ಒಂದು ಆ್ಯಪ್ ಅವರಿಗೆ ಬೇಕಿತ್ತು.

ನಲವತ್ತು ಪ್ರಶ್ನೆಗಳನ್ನು ಹಿಡಿದು ಹೋದೆ. ಭಟ್ಟರು ಸಿಹಿಗುಂಬಳ ಹೆಚ್ಚುತ್ತಿದ್ದರು.

"ಸಾರಿಗೆ ಉಪ್ಪು ಎಷ್ಟು ಭಟ್ರೇ?"

"ಬೇಕಾದಷ್ಟು."

"ಬೇಕಾದಷ್ಟು ಅಂದ್ರೆ?"

"ಹೆಚ್ಚಾಗದ ಹಾಗೆ."

ನಡುವೆ ಅವರಿಗೆ ಫೋನ್ ಬಂತು. "ಹೇಳಿಕೆಗೆ ಯಾರು ಹೋದದ್ದು? ಗಂಡ ಹೆಂಡತಿ ಇಬ್ಬರೂ ಹೋದದ್ದಾ? ಬೆಲ್ಲ ನೀರು ಕುಡ್ದು ಕೂತು ಮಾತಾಡಿದ್ದಾ?" ಎಂದು, ಯಾರದೋ ಮನೆಯವರು ಊಟಕ್ಕೆ ಕರೆಯಲು ಹೋದದ್ದರ ಬಗ್ಗೆಯೆಲ್ಲ ವಿಚಾರಿಸಿದರು. ನಾನು ಪುಸ್ತಕದಲ್ಲಿ ಬರೆದುಕೊಂಡೆ: 'ಗ್ರಾಹಕರಿಗೆ ಊರ ಸುದ್ದಿಯಲ್ಲಿ ಆಸಕ್ತಿ ಜಾಸ್ತಿ.'

ಹದಿನೈದನೆಯ ಪ್ರಶ್ನೆಗೆ ಅವರೇ ಕತ್ತಿ ಕೆಳಗಿಟ್ಟರು. "ಮಾಣಿ, ಇದೆಲ್ಲ ಕೇಳಿ ಗೊತ್ತಾಗುದಲ್ಲ. ನಾಳೆ ಜಾಲ್ಸೂರಿನಲ್ಲಿ ಒಂದು ಪೂಜೆ ಉಂಟು. ಬಂದು ಎರಡು ಪಂಕ್ತಿ ಬಡಿಸು. ಆಮೇಲೆ ಎಂತ ಬೇಕಾದ್ರೂ ಬರಿ."

ಅನಲಿಸ್ಟ್ ಬಡಿಸುವುದೇ? ಅದೂ ಅಲ್ಲದೆ ಆ ಹೊತ್ತಿಗೆ ಭಟ್ಟರ ಸ್ವರ, ಕೆಮ್ಮು, ಮೂಗೇರಿಸುವ ರೀತಿ ಎಲ್ಲ ನನಗೆ ಪೂರ್ತಿ ಬಂದಿತ್ತು. ಇನ್ನೇನು ಕಲಿಯುವುದಿದೆ!

ಮರುದಿನ ಆಫೀಸಿನಲ್ಲಿ ಪ್ರೋಗ್ರಾಂ ಬರೆಯುವ ಜಿಷಾ ಉಳಿದ ಇಪ್ಪತ್ತೈದು ಪ್ರಶ್ನೆಗಳ ಬಗ್ಗೆ ಕೇಳಿದಳು. ನಾನು ಶಾಲನ್ನು ಹೆಗಲಿಗೆ ಹಾಕಿ, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಕೂತು, ಸಾಕ್ಷಾತ್ ಶಂಭಟ್ಟನಾದೆ.

"ಮನೆಯ ಯಜಮಾನರು ಹೇಳಿದ ಜನರ ಸಂಖ್ಯೆಗೆ ನೀವು ಏನಾದರೂ ಸೇರಿಸುದುಂಟಾ?" ಎಂದಳು ಜಿಷಾ.

"ಯಜಮಾನರ ಮಾತೇ ವೇದ ಮಾರಾಯ್ತಿ! ಅವರು ಇನ್ನೂರೈವತ್ತು ಅಂದ್ರೆ ಇನ್ನೂರೈವತ್ತು. ಅದಕ್ಕಿಂತ ಮೇಲೆ ಒಬ್ಬ ಬಂದ್ರೆ ಅವನಿಗೆ ಬರೀ ಮಜ್ಜಿಗೆ!"

ಬಾಸ್ ಕಣ್ಣೀರು ಬರುವಷ್ಟು ನಕ್ಕರು. ಜಿಷಾ ನಗುತ್ತಲೇ ಟೈಪ್ ಮಾಡಿದಳು. ನಗು ಮುಗಿಯಿತು, ಟೈಪ್ ಮಾಡಿದ್ದು ಉಳಿಯಿತು.

ಅರವತ್ತು ಪುಟಗಳ ದಾಖಲೆ ತಯಾರಾಯಿತು. ಒಪ್ಪಿಗೆಯ ಸಹಿಗೆ ಐವರ್ನಾಡಿಗೆ ಒಯ್ದೆ. "ಇದು ಎಂತ ಮಾಣಿ, ಪಂಚಾಂಗವಾ?" ಎಂದರು ಭಟ್ಟರು. "ಕನ್ನಡಕ ಒಳಗುಂಟು. ನಾನು ಹೇಳಿದ್ದೇ ಬರ್ದಿದ್ದಿಯಲ್ಲ?" ನಾನು ತಲೆಯಾಡಿಸಿದೆ. ಅರಸಿನದ ಕೈಯಲ್ಲೇ ಸಹಿ ಹಾಕಿದರು.

ಆ್ಯಪ್ ಸಿದ್ಧವಾಯಿತು. ಜಿಷಾಳೂ ನಾನೂ ಹೋದ ಕಡಬದ ಒಂದು ಗೃಹಪ್ರವೇಶ ನಮ್ಮ ಪ್ರಥಮ ಪ್ರಯೋಗ. ಯಜಮಾನರು ಎದೆಯುಬ್ಬಿಸಿ "ಇನ್ನೂರೈವತ್ತು" ಎಂದರು. ನಾನು ಒತ್ತಿದೆ. ಪಟ್ಟಿ ಹೋಯಿತು. ಸಹಾಯಕರು ಪಟ್ಟಿಯಂತೆ ಅಕ್ಕಿ ಹಾಕಿದರು. ವಿಜ್ಞಾನ ಗೆದ್ದಿತು!

ಮೊದಲ ಪಂಕ್ತಿ ಏಳುವಾಗ ಭಟ್ಟರು ಕುಂಟುತ್ತಾ ಬಂದು ಕೊಪ್ಪರಿಗೆಗೆ ಇಣುಕಿದರು. ಆಮೇಲೆ ಅಂಗಳಕ್ಕೆ ಇಣುಕಿದರು. ಅಲ್ಲಿ ಇನ್ನೂ ಎರಡು ಪಂಕ್ತಿಗಾಗುವಷ್ಟು ಜನ ನಿಂತಿದ್ದರು.

"ಮಾಣಿ, ಅನ್ನ ಎಲ್ಲಿ?"

"ಇನ್ನೂರೈವತ್ತಕ್ಕೆ ಲೆಕ್ಕ ಸರಿ ಉಂಟು ಭಟ್ರೇ."

"ಹೇಳಿಕೆಗೆ ಯಾರು ಹೋದದ್ದು?"

ಪಕ್ಕದಲ್ಲೇ ಇದ್ದ ಮನೆಯಾಕೆ ಹೆಮ್ಮೆಯಿಂದ ಹೇಳಿದರು: "ನಾವಿಬ್ಬರೂ ಹೋದದ್ದು. ಒಂದು ಮನೆಯನ್ನೂ ಬಿಡ್ಲಿಲ್ಲ."

ಭಟ್ಟರು ಕಣ್ಣು ಮುಚ್ಚಿಕೊಂಡರು. "ಕಾಗದ ಮಾತ್ರ ಹೋದ್ರೆ ಮನೆಗೆ ಒಬ್ಬ. ಗಂಡ ಹೋದ್ರೆ ಇಬ್ಬರು. ಇಬ್ಬರೂ ಹೋಗಿ ಕೂತು ಬೆಲ್ಲ ನೀರು ಕುಡ್ದ್ರೆ ಆ ಮನೆಗೆ ಬೀಗ! ಎಲ್ಲ ಇಲ್ಲಿ! ಮೂವತ್ತು ವರ್ಷದಿಂದ ನನ್ನ ಲೆಕ್ಕ ಇದು. ಯಜಮಾನ ಹೇಳುವ ಸಂಖ್ಯೆಗೆ ಯಾರು ಅಕ್ಕಿ ಹಾಕ್ತಾರೆ?"

ನಾನು ದಾಖಲೆ ತೆರೆದೆ. "ಇಪ್ಪತ್ತಮೂರನೇ ಪ್ರಶ್ನೆ. ನಿಮ್ಮ ಸಹಿ ಉಂಟು."

"ಇದು ನಾನು ಹೇಳಿದ್ದಾ?"

"ಸ್ವರ ನಿಮ್ಮದು. ಹೇಳಿದ್ದು ನಾನು."

ಹೊಡೆಯುತ್ತಾರೆಂದುಕೊಂಡೆ. ಭಟ್ಟರು ಹೊಡೆಯಲಿಲ್ಲ, ಅಷ್ಟು ಪುರುಸೊತ್ತಿರಲಿಲ್ಲ. ಜಿಷಾ ಲ್ಯಾಪ್‌ಟಾಪ್ ಮುಚ್ಚಿ ಸ್ಕೂಟರ್ ಹತ್ತಿ ಪೇಟೆಯಿಂದ ಅಕ್ಕಿ ತರಲು ಓಡಿದಳು. ಸಹಾಯಕರು ನೀರಿಟ್ಟು ಒಲೆಗೆ ಬೆಂಕಿ ಹಾಕಿದರು. "ಸಾರಿಗೆ ನೀರು ಹಾಕಿ ಏರಿಸ್ಬಹುದು. ಅನ್ನಕ್ಕೆ ಹಾಕಿದ್ರೆ ಗಂಜಿ," ಎಂದು ಭಟ್ಟರು ನನ್ನ ಕಡೆ ತಿರುಗಿದರು. "ಇದ್ದ ಅನ್ನ ಈ ಪಂಕ್ತಿಗಾದೀತು. ಮೂರನೇ ಪಂಕ್ತಿ ಕೂತ ಮೇಲೆ ಅರ್ಧ ಗಂಟೆ ಬೇಕು. ಸ್ವರ ಉಂಟಲ್ಲ ನಿಂಗೆ? ಹೋಗು, ಚೂರ್ಣಿಕೆ ಹೇಳು!"

ಚೂರ್ಣಿಕೆ ಎಂದರೆ ಊಟದ ಪಂಕ್ತಿಯಲ್ಲಿ ರಾಗವಾಗಿ ಹೇಳುವ ಶ್ಲೋಕ. ಕೊನೆಗೆ ಎಲ್ಲರೂ 'ಹರ ಹರ ಮಹಾದೇವ' ಎನ್ನಬೇಕು. ನನಗೆ ಬರುತ್ತಿದ್ದದ್ದು ಒಂದೇ ಶ್ಲೋಕ.

ಪಲ್ಯ, ಕೋಸಂಬರಿ ಮಾತ್ರ ಬಿದ್ದ ಎಲೆಗಳ ಮುಂದೆ ನಿಂತು ಆ ಒಂದನ್ನೇ ಅಜ್ಜನ ಸ್ವರದಲ್ಲಿ ಹೇಳಿದೆ. ಹರ ಹರ ಮಹಾದೇವ! ಬಸ್ಸಿಗೆ ಹೊತ್ತಾದ ಪುರೋಹಿತರ ವೇಗದಲ್ಲಿ ಹೇಳಿದೆ. ಹರ ಹರ ಮಹಾದೇವ! ಗುಡ್ಡದ ಮೇಲೆ ನಿಂತು ಸಿಗ್ನಲ್ ಹುಡುಕುವವನ ಸ್ವರದಲ್ಲಿ, ನಡುನಡುವೆ ಕಡಿದು ಹೇಳಿದೆ. ಒಬ್ಬ ಹಿರಿಯರು ಕೋಸಂಬರಿಯ ಕೊನೆಯ ಕಾಳು ಮುಗಿಸಿ ಕೇಳಿದರು: "ಮಾರಾಯ, ನಿಂದು ಚೆಂದ ಉಂಟು. ಅನ್ನವೂ ಉಂಟಾ?"

ಬೆವರು ಕಣ್ಣಿಗಿಳಿಯುವಾಗ ಹಿಂದಿನಿಂದ ಬಿಸಿ ಹಬೆ ಬಂತು. ಅನ್ನ! ಕಾಲುನೋವನ್ನೂ ಮರೆತು ಭಟ್ಟರೇ ಬಡಿಸುತ್ತಿದ್ದರು. ಕೊನೆಯ ಎಲೆಯವನೂ ತೇಗಿ ಎದ್ದ. ಭಟ್ಟರ ಹೆಸರು ಉಳಿಯಿತು. ನನ್ನದು ಎಲೆಗಳ ಜೊತೆ ಹೋಯಿತು.

ಸೋಮವಾರ ಭಟ್ಟರು ದರ್ಬೆಯ ನಮ್ಮ ಮಹಡಿ ಹತ್ತಿ ಬಂದರು. "ಆ್ಯಪ್ ಬೇಡ ಅಂತ ನಾನು ಹೇಳುದಿಲ್ಲ," ಎಂದು ಬಾಸಿಗೆ ಹೇಳಿ ಜಿಷಾಳ ಕಡೆ ಕೈ ತೋರಿಸಿದರು. "ಆದ್ರೆ ಕೇಳ್ಲಿಕ್ಕೆ ಈ ಕೂಸನ್ನು ಕಳಿಸಿ. ಇವ ಬಡಿಸ್ಲಿಕ್ಕೆ ಬರಲಿ."

ಬಾಸ್ ನನ್ನ ಪರೀಕ್ಷಾರ್ಥ ಅವಧಿಯನ್ನು ಇನ್ನೂ ಆರು ತಿಂಗಳು ವಿಸ್ತರಿಸಿದರು. ಈಗ ಭಾನುವಾರಗಳಂದು ಜಿಷಾ ಪ್ರಶ್ನೆ ಕೇಳುತ್ತಾಳೆ, ಭಟ್ಟರು ಉತ್ತರಿಸುತ್ತಾರೆ, ನಾನು ಸಾರಿನ ಬಕೆಟ್ ಹಿಡಿದು ಓಡುತ್ತೇನೆ. ಹುದ್ದೆಯ ಹೆಸರು ಮಾತ್ರ ಹಾಗೆಯೇ ಇದೆ.

ಹೊಸ ದಾಖಲೆಯ ಪ್ರತಿ ಉತ್ತರದ ಕೆಳಗೆ ಜಿಷಾ ಒಂದು ಕಡ್ಡಾಯ ಅಂಕಣ ಇಟ್ಟಿದ್ದಾಳೆ: 'ಇದನ್ನು ಹೇಳಿದವರು: ಗ್ರಾಹಕರು / ಇವನು'. ಎರಡನೆಯದನ್ನು ಒತ್ತಿದರೆ ಸಾಫ್ಟ್‌ವೇರ್ ಅಲ್ಲೇ ನಿಂತುಬಿಡುತ್ತದೆ.

ಒತ್ತಿ ನೋಡಿದ್ದೇನೆ!